ವಿಮಾನ ಬೆಂಬಲದ ತರಬೇತಿ ಭೂಸೇನೆಯ ಜೊತೆಗೇ ಇರಬೇಕಿತ್ತೇ?

ಎರಡನೇ ಮಹಾಯುದ್ಧಕ್ಕೆ ಇಳಿಯುವ ಮೊದಲೇ, 1941ರ ಸೆಪ್ಟೆಂಬರ್‌ನಲ್ಲಿ, ಅಮೆರಿಕ ಐದು ಏರ್ ಸಪೋರ್ಟ್ ಕಮಾಂಡ್‌ಗಳನ್ನು ಕಟ್ಟಿತು. ನೆಲದ ಸೈನಿಕರಿಗೆ ಮೇಲಿಂದ ನೆರವು ಕೊಡಲು ಪೈಲಟ್‌ಗಳನ್ನು ತಯಾರು ಮಾಡುವುದು ಅವುಗಳ ಮುಖ್ಯ ಕೆಲಸ. 1943ರಲ್ಲಿ ಇವುಗಳಲ್ಲಿ ಕೆಲವುಗಳ ಹೆಸರಿನಿಂದ ‘ಸಪೋರ್ಟ್’ ಅನ್ನುವ ಪದವೇ ಹೋಯಿತು, ಟ್ಯಾಕ್ಟಿಕಲ್ ಏರ್ ಡಿವಿಷನ್ ಎಂದಾಯಿತು. ಈ ತರಬೇತಿ ಭೂಸೇನೆಯ ಜೊತೆಗಿರಬೇಕಿತ್ತೇ, ವಾಯುಪಡೆಯ ಕೈಯಲ್ಲೇ ಇರಬೇಕಿತ್ತೇ? ಇಬ್ಬರ ವಾದ ಇಲ್ಲಿದೆ.

ಪರ: ಹೌದು, ಜೊತೆಗೇ ಇರಬೇಕಿತ್ತು

ಆ ಸೆಪ್ಟೆಂಬರ್‌ನಲ್ಲೇ ಲೂಯಿಸಿಯಾನದಲ್ಲಿ ಸುಮಾರು 4 ಲಕ್ಷ ಸೈನಿಕರು ಎರಡು ಪಾಳಯವಾಗಿ ಅಣಕು ಯುದ್ಧ ಮಾಡಿದರು. ವಿಮಾನಗಳು ಬಾಂಬಿನ ಬದಲು ಹಿಟ್ಟಿನ ಚೀಲ ಎಸೆದವು. ಚೀಲ ಒಡೆದ ಕಡೆ ಬೆಳ್ಳಗೆ ಗುರುತು. ಎಷ್ಟು ಗಜ ತಪ್ಪಿತು ಅನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ತರಬೇತಿ ಅಂದರೆ ಇದು!

ನಾನು ಸೇನೆಯ ಸಿಗ್ನಲ್ಸ್‌ನಲ್ಲಿ, ಅಂದರೆ ಸಂಪರ್ಕ ವಿಭಾಗದಲ್ಲಿ, 17 ವರ್ಷ ಇದ್ದವನು. ಒಮ್ಮೆ ಮರುಭೂಮಿಯ ಅಭ್ಯಾಸದಲ್ಲಿ ವಿಮಾನಕ್ಕೆ ಗುರಿ ಹೇಳುವ ಕೆಲಸ ನನ್ನದಾಗಿತ್ತು. "ಮೂರನೇ ದಿಬ್ಬ, ಪಕ್ಕದಲ್ಲಿ ಒಂಟಿ ಮರ" ಎಂದು ಮತ್ತೆ ಮತ್ತೆ ಹೇಳಿದೆ. ಪೈಲಟ್ ಎರಡು ಸುತ್ತು ಹೊಡೆದು ವಾಪಸ್ ಹೋದರು. ಸಂಜೆ ಅವರೇ ನಮ್ಮ ಟೆಂಟಿಗೆ ಬಂದರು. ಧಾರವಾಡದ ಕಡೆಯವರು. ಚಹಾ ಕುಡಿಯುತ್ತಾ ಮರಳಿನ ಮೇಲೆ ಬೆರಳಲ್ಲಿ ಗೆರೆ ಎಳೆದರು. "ಮೇಲಿಂದ ಮರ ಕಾಣಂಗಿಲ್ರಿ. ಅದರ ನೆಳ್ಳು ಹೇಳ್ರಿ, ಗಾಡಿ ಹೋದ ಜಾಡು ಹೇಳ್ರಿ" ಅಂದರು. ಮರುದಿನ ಬೆಳಿಗ್ಗೆ ನೆರಳು ಹೇಳಿದೆ. ಮೊದಲ ಸುತ್ತಿನಲ್ಲೇ ಗುರಿ ಸಿಕ್ಕಿತು. ಒಂದು ಲೋಟ ಚಹಾ ಮಾಡಿದ ಕೆಲಸವನ್ನು ಅಷ್ಟು ದಿನ ಓದಿದ ಕೈಪಿಡಿ ಮಾಡಿರಲಿಲ್ಲ.

1943ರ ಆರಂಭದಲ್ಲಿ ಉತ್ತರ ಆಫ್ರಿಕಾದ ಟುನಿಷಿಯಾದಲ್ಲಿ ಜರ್ಮನರ ಎದುರು ಅಮೆರಿಕನ್ನರು ಕಂಡ ಸೋಲನ್ನು ಕೆಲವರು ಮುಂದೆ ಮಾಡುತ್ತಾರೆ. ಅಲ್ಲಿದ್ದವರು ಯುದ್ಧಕ್ಕೇ ಹೊಸಬರು. ಆ ತಪ್ಪನ್ನು ಈ ವ್ಯವಸ್ಥೆಯ ತಲೆಗೆ ಕಟ್ಟಬೇಡಿ.

1944ರ ಜುಲೈ 25 ನೋಡಿ. ಫ್ರಾನ್ಸಿನ ಸೇಂಟ್ ಲೋ ಹತ್ತಿರ ಸುಮಾರು 1,500 ಭಾರಿ ಬಾಂಬರ್‌ಗಳು ಬಂದವು. ರಸ್ತೆಯ ಉದ್ದಕ್ಕೇ ಬನ್ನಿ ಎಂದು ಅಮೆರಿಕನ್ ಭೂಸೇನೆಯ ಜನರಲ್ ಬ್ರಾಡ್ಲಿ ಕೇಳಿದ್ದರು. ಅವು ರಸ್ತೆಗೆ ಅಡ್ಡವಾಗಿ, ತಮ್ಮದೇ ಸೈನಿಕರ ತಲೆ ಮೇಲಿಂದ ಬಂದವು. 111 ಅಮೆರಿಕನ್ ಸೈನಿಕರು ತಮ್ಮವರದೇ ಬಾಂಬಿಗೆ ಸತ್ತರು. ಭೂಸೇನೆಯನ್ನು ತಯಾರು ಮಾಡಿದ ಜನರಲ್ ಮೆಕ್‌ನೇರ್ ಕೂಡ ಅವರಲ್ಲಿ ಒಬ್ಬರು. ಆ ಬಾಂಬರ್ ಪೈಲಟ್‌ಗಳು ಕಾಲಾಳುಗಳ ಜೊತೆ ಒಂದು ದಿನವಾದರೂ ಹೀಗೆ ಕಲಿತಿದ್ದರೆ? ಅದೇ ದಿನಗಳಲ್ಲಿ ವಾಯುಪಡೆಯ ಜನರಲ್ ಕೆಸಾಡಾ ವಿಮಾನದ ರೇಡಿಯೋವನ್ನು ಟ್ಯಾಂಕಿಗೆ ಹಾಕಿಸಿ, ವಾಯುಪಡೆಯವರನ್ನೇ ಒಳಗೆ ಕೂರಿಸಿದರು. ಮೇಲಿನ ಥಂಡರ್‌ಬೋಲ್ಟ್ ಯುದ್ಧವಿಮಾನಕ್ಕೆ ಕೆಳಗಿಂದ ಪೈಲಟ್ ಭಾಷೆಯಲ್ಲೇ ಮಾತು. ಅಲ್ಲಿಂದಾಚೆ ಟ್ಯಾಂಕ್ ಸಾಲುಗಳು ಮುನ್ನುಗ್ಗಿದವು.

ವಿರೋಧ: ಬೇಡ, ವಾಯುಪಡೆಯ ಕೈಯಲ್ಲೇ ಸರಿ

ಈ ಪಕ್ಷ ವಹಿಸಿ ಎಂದು ಕೇಳಿದಾಗ ಸ್ವಲ್ಪ ಹಿಂಜರಿದೆ. ಪೈಲಟ್ ಮತ್ತು ಕಾಲಾಳು ಒಟ್ಟಿಗೆ ಕಲಿಯಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ವಿಮಾನ ಭೂಸೇನೆಯ ಕೈಗೆ ಹೋದರೆ ಏನಾಗುತ್ತದೆ? ಪ್ರತಿ ದಳಪತಿಯೂ ತನ್ನ ತಲೆ ಮೇಲೊಂದು ವಿಮಾನ ಕಟ್ಟಿಕೊಳ್ಳಲು ನೋಡುತ್ತಾನೆ.

1942ರ ಏಪ್ರಿಲ್‌ನ ಅಮೆರಿಕನ್ ಸೇನಾ ಕೈಪಿಡಿಯಲ್ಲಿ ಯಾವ ಗುರಿ ಮೊದಲು ಎಂದು ಹೇಳುವ ಕೊನೆಯ ಮಾತನ್ನು ನೆಲದ ಸೇನಾಧಿಕಾರಿಗೇ ಕೊಟ್ಟಿದ್ದರು. 1943ರ ಆರಂಭದಲ್ಲಿ ಟುನಿಷಿಯಾದಲ್ಲಿ ಅದರ ಫಲ ಕಂಡಿತು. ಸೇನಾಧಿಕಾರಿಗಳು ಛತ್ರಿ ಹಿಡಿದ ಹಾಗೆ ಸದಾ ಮೇಲೆ ವಿಮಾನ ಇರಲಿ ಎಂದರು. ಇದ್ದ ಕೆಲವೇ ವಿಮಾನಗಳು ಅಲ್ಲೊಂದು ಇಲ್ಲೊಂದು ಹಂಚಿಹೋದವು. ಜರ್ಮನರು ಮಾತ್ರ ಒಟ್ಟಾಗಿ ಬಂದು ಹೊಡೆದರು. ಅದೇ ವರ್ಷದ ಜುಲೈನಲ್ಲಿ ಹೊಸ ಕೈಪಿಡಿ ಬಂತು: ಭೂಬಲ ಮತ್ತು ವಾಯುಬಲ ಸರಿಸಮ. ಮೊದಲು ಆಕಾಶ ಗೆಲ್ಲಬೇಕು, ಪಕ್ಕದ ಗುಡ್ಡದ ಮೇಲಿನ ಫಿರಂಗಿ ಆಮೇಲೆ.

ಇದು ನೆಲದಲ್ಲಿರುವವನಿಗೆ ಕಾಣದ ಕೆಲಸ, ನಿಜ. ಅವನಿಗೆ ಆ ಕ್ಷಣಕ್ಕೆ ಬೇಕಿದ್ದ ವಿಮಾನ ಬರಲಿಲ್ಲ ಅನ್ನುವುದಷ್ಟೇ ನೆನಪಿರುತ್ತದೆ. ಆದರೆ 1944ರ ಜೂನ್ 6ರಂದು ನಾರ್ಮಂಡಿಯ ಕಡಲ ತೀರದಲ್ಲಿ ಇಳಿದವರು ತಲೆ ಎತ್ತಿದಾಗ ಕಂಡದ್ದು ಹೆಚ್ಚುಕಡಿಮೆ ತಮ್ಮ ಕಡೆಯ ವಿಮಾನಗಳೇ.