ಸಿಮೆಂಟ್ ಬೇಕಾದಷ್ಟಿದೆ, ಬೇಸಿಗೆ ಬಂದರೆ ರೇಟು ಮಾತ್ರ ಏರುತ್ತದೆ

"ಡಿಮ್ಯಾಂಡ್ ಜಾಸ್ತಿ ಸಾರ್, ಅದಕ್ಕೇ ಮೂಟೆಗೆ ಇಪ್ಪತ್ತು ರೂಪಾಯಿ ಏರಿದೆ." ಪ್ರತಿ ಬೇಸಿಗೆಯಲ್ಲೂ ಡೀಲರ್‌ಗಳ ಬಾಯಲ್ಲಿ ಇದೇ ಮಾತು. ಮನೆ ಕಟ್ಟಿಸುವವರು ಪಾಪ ನಂಬುತ್ತಾರೆ. ನನಗಂತೂ ಪೂರ್ತಿ ನಂಬಿಕೆ ಇಲ್ಲ.

ವಾಡಿ, ಸೇಡಂ, ಮಳಖೇಡ, ಚಿತ್ತಾಪುರ. ಕಲಬುರಗಿ ಜಿಲ್ಲೆಯ ಒಂದೇ ಭಾಗದಲ್ಲಿ ಇಷ್ಟು ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಒಂದು ಟನ್ ಕ್ಲಿಂಕರ್‌ಗೆ (ಪುಡಿ ಮಾಡಿದರೆ ಸಿಮೆಂಟ್ ಆಗುವ ಸುಟ್ಟ ಗಟ್ಟಿ) ಸುಮಾರು 1.5 ಟನ್ ಸುಣ್ಣದ ಕಲ್ಲು ಬೇಕು, ಹಾಗಾಗಿ ಆ ಕಲ್ಲು ಸಿಗುವ ಕಡೆಯೇ ಕಾರ್ಖಾನೆ. ಬೆಂಗಳೂರಿಗೆ ತರಲು ಸಾಗಾಟದ ಖರ್ಚು ಬೀಳುತ್ತದೆ, ಒಪ್ಪುತ್ತೇನೆ. ಆದರೆ ರೇಟು ಬೇಸಿಗೆಯಲ್ಲಿ ಏರಿ ಮಳೆಗಾಲದಲ್ಲಿ ಇಳಿಯುತ್ತದೆ. ಸೇಡಂ ಮಾರ್ಚ್‌ನಲ್ಲಿ ದೂರ, ಆಗಸ್ಟ್‌ನಲ್ಲಿ ಹತ್ತಿರ ಆಗುವುದಿಲ್ಲ ಅಲ್ವಾ? ದಕ್ಷಿಣದ ಕಾರ್ಖಾನೆಗಳು ಎಷ್ಟೋ ವರ್ಷಗಳಿಂದ ಪೂರ್ತಿ ಸಾಮರ್ಥ್ಯದಲ್ಲಿ ಓಡುತ್ತಿಲ್ಲ. ಬೇಡಿಕೆ ಬಂದರೆ ಇನ್ನಷ್ಟು ಮಾಡಬಹುದು. ಮಾಡುವ ಬದಲು ರೇಟು ಏರಿಸಿದರೆ ಅದನ್ನು ಕೊರತೆ ಅನ್ನಲಾಗದು.

ಇದು ನನ್ನೊಬ್ಬನ ಅನುಮಾನವಲ್ಲ. 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 11 ಸಿಮೆಂಟ್ ಕಂಪನಿಗಳಿಗೆ 6,000 ಕೋಟಿಗೂ ಹೆಚ್ಚು ದಂಡ ಹಾಕಿತು. ಒಳಒಪ್ಪಂದ ಮಾಡಿಕೊಂಡು ಉತ್ಪಾದನೆ ಹಿಡಿದಿಟ್ಟು ಬೆಲೆ ಏರಿಸಿದರು ಎಂಬುದು ಆಯೋಗದ ತೀರ್ಮಾನ. ಕಂಪನಿಗಳು ಒಪ್ಪಲಿಲ್ಲ, ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಷ್ಟರಲ್ಲಿ ಮಾರುಕಟ್ಟೆಯೇ ಬದಲಾಯಿತು. 2022ರಲ್ಲಿ ಎಸಿಸಿ, ಅಂಬುಜಾ ಅದಾನಿ ಪಾಲಾದವು. ಆಮೇಲೆ ಪೆನ್ನಾ ಸಿಮೆಂಟ್, ಜತೆಗೆ ಚಿತ್ತಾಪುರದಲ್ಲಿ ಕಾರ್ಖಾನೆ ಇರುವ ಓರಿಯೆಂಟ್ ಸಿಮೆಂಟ್ ಕೂಡ. ಅತ್ತ ಅಲ್ಟ್ರಾಟೆಕ್ ಕೈಗೆ ಇಂಡಿಯಾ ಸಿಮೆಂಟ್ಸ್, ಕೇಸೋರಾಂನ ಸೇಡಂ ಕಾರ್ಖಾನೆ. ಅಂಗಡಿಯಲ್ಲಿ ಬ್ರ್ಯಾಂಡ್ ಹತ್ತು, ಮಾಲೀಕರು ಬೆರಳೆಣಿಕೆ.

ಮಳೆಗಾಲದಲ್ಲಿ ಅಗ್ಗವಾದಾಗ ತಂದಿಟ್ಟುಕೊಳ್ಳಿ ಅನ್ನುವವರಿದ್ದಾರೆ. ತಂದು ಎಲ್ಲಿಡುವುದು? ತೇವ ತಾಗಿದರೆ ಮೂಟೆ ಗಟ್ಟಿ. ತೇವ ತಾಗದಿದ್ದರೂ ಮೂರು ತಿಂಗಳು ದಾಟಿದರೆ ಬಲ ಕಡಿಮೆ. ಸೆಂಟ್ರಿಂಗ್ ಆಗಿ, ಕಂಬಿ ಕಟ್ಟಿ, ಆಳುಗಳನ್ನು ಕರೆಸಿದ ಮೇಲೆ ರೇಟು ಇಳಿಯಲಿ ಅಂತ ಯಾರೂ ತಾರಸಿ ಮೋಲ್ಡ್ ನಿಲ್ಲಿಸುವುದಿಲ್ಲ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ನಿಜವಾದ ಕೊರತೆ ಬರುವುದು ಜಲ್ಲಿಗೆ ಮತ್ತು ಕಲ್ಲು ಪುಡಿ ಮಾಡಿದ ಮರಳಾದ ಎಂ-ಸ್ಯಾಂಡ್‌ಗೆ. 2021ರಲ್ಲಿ ಶಿವಮೊಗ್ಗದ ಹುಣಸೋಡು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕ್ವಾರಿಯ ಸ್ಫೋಟಕ ಸಿಡಿದು ಜನ ಸತ್ತ ಮೇಲೆ ಕ್ವಾರಿಗಳ ತಪಾಸಣೆ ಬಿಗಿಯಾಯಿತು. ಆಗಲೇಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಬೆಲೆ ಏರಿಕೆ ವಿರೋಧಿಸಿ ಲಾರಿಗಳು ಮುಷ್ಕರ ಹೂಡಿದವು. ಇಂಥ ಹೊತ್ತಲ್ಲಿ ಸಿಮೆಂಟ್ ಗೋಡೌನ್‌ನಲ್ಲಿದ್ದರೂ ಕಾಂಕ್ರೀಟ್ ಆಗುವುದಿಲ್ಲ. ರೆಡಿಮಿಕ್ಸ್ (ಪ್ಲಾಂಟ್‌ನಲ್ಲೇ ಕಲಸಿದ ಕಾಂಕ್ರೀಟ್) ತರಿಸೋಣ ಅಂದರೆ ಅದಕ್ಕೂ ಜಲ್ಲಿಯೇ ಬೇಕು. ಮೇಲಾಗಿ ಕಲಸಿದ ಮಾಲು ಸುಮಾರು ಎರಡು ಗಂಟೆಯೊಳಗೆ ಸೈಟ್‌ನಲ್ಲಿ ಸುರಿಯಬೇಕು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದರ ಕಥೆ ಬೇರೆಯೇ.

2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟ್ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಒಳ್ಳೆಯ ಕೆಲಸ. ಆದರೆ ಮೂಲ ಬೆಲೆ ಕಂಪನಿಗಳ ಕೈಯಲ್ಲೇ ಇದೆ. ಕಾರ್ಖಾನೆ ಬೆಲೆ ಎಷ್ಟು, ಸಾಗಾಟ ಎಷ್ಟು, ಡೀಲರ್ ಕಮಿಷನ್ ಎಷ್ಟು ಅಂತ ಬಿಲ್‌ನಲ್ಲೇ ಬೇರೆ ಬೇರೆ ಬರೆಯಲಿ. ಆಗ ಮಾರ್ಚ್‌ನಲ್ಲಿ ಏರಿದ ಇಪ್ಪತ್ತು ರೂಪಾಯಿ ಯಾವ ಸಾಲಿನಲ್ಲಿ ಕೂತಿದೆ ಅಂತ ನೋಡೋಣ.