ಬಾಗಿಲಿಗೇ ಬರುತ್ತೆ ಸಾರ್, ಯಾವ ಬಾಗಿಲು ಅಂತ ಮಾತ್ರ ಕೇಳ್ಬೇಡಿ

ಕೊಡಗು ಜಿಲ್ಲಾಡಳಿತದ ಮಳೆಗಾಲದ ಆದೇಶ ಈ ಸಲವೂ ಬಂತು. ಒಕ್ಕಣೆ ಹಳೆಯದೇ, ತಾರೀಖು ಮಾತ್ರ ಹೊಸದು. ನೋಂದಣಿ ತೂಕ 18,500 ಕೆ.ಜಿ. ಮೀರಿದ ಸರಕು ಗಾಡಿ ಕೊಡಗಿನಲ್ಲಿ ಓಡಾಡುವಂತಿಲ್ಲ. ಮರದ ದಿಮ್ಮಿ, ಮರಳು ಸಾಗಿಸುವಂತಿಲ್ಲ. ಕಂಟೇನರ್, ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್, ಉದ್ದ ಚಾಸಿಯ ಲಾರಿ, ಯಾವುದೂ ಬೇಡ.

ಅದೇ ವಾರ ಮರಗೆಲಸದ ಮೆಷಿನ್ ಮಾರುವವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಲಗೆಯ ದಪ್ಪ ಸಮ ಮಾಡುವ ಥಿಕ್ನೆಸ್ ಪ್ಲೇನರ್ ಒಂದು ಕೊಡೆ ಹಿಡಿದು ನಿಂತಿತ್ತು. ಮಾನ್ಸೂನ್ ಧಮಾಕಾ! ಭಾರೀ ರಿಯಾಯಿತಿ! ಕರ್ನಾಟಕದಾದ್ಯಂತ ಡೋರ್ ಡೆಲಿವರಿ! ಭಾರೀ ಮಳೆ, ಭಾರೀ ವಾಹನ, ಭಾರೀ ರಿಯಾಯಿತಿ ಮೂರೂ ಒಟ್ಟಿಗೆ ಹೊರಟರೆ ಕೊಡಗು ತಲುಪುವುದು ಮೊದಲನೆಯದು ಮಾತ್ರ ಎಂದು ಆ ಪುಣ್ಯಾತ್ಮರಿಗೆ ಯಾರೂ ಹೇಳಿದಂತಿಲ್ಲ.

ಆದೇಶ ತಪ್ಪು ಎನ್ನುತ್ತಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ರಸ್ತೆಗಿಳಿದದ್ದನ್ನು ಕಂಡ ಯಾರೂ ಹಾಗೆ ಹೇಳಲಾರರು. ಸೋಜಿಗ ಇರುವುದು ಬೇರೆ ಕಡೆ. ಜೂನ್ ಪ್ರತಿವರ್ಷ ಜೂನಿನಲ್ಲೇ ಬರುತ್ತದೆ, ಮೆಷಿನ್ ಕಂಪನಿಯೂ ಟ್ರಾನ್ಸ್‌ಪೋರ್ಟಿನವರೂ ಪ್ರತಿವರ್ಷ ಬೆಚ್ಚಿಬೀಳುತ್ತಾರೆ. 'ಅಯ್ಯೋ, ನಿಮ್ಮಲ್ಲಿ ಮಳೆಯಾ ಸಾರ್?'

ನಿಮ್ಮ ಮೆಷಿನ್ ತೂಗುವುದು ಹೆಚ್ಚೆಂದರೆ ಒಂದು ಟನ್. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಹದಿನಾರು ಚಕ್ರದ ಲಾರಿಯಲ್ಲಿ ಯಾರದೋ ಟೈಲ್ಸು, ಇನ್ಯಾರದೋ ಪೈಪಿನ ಜೊತೆ ಪಾರ್ಸೆಲ್ ಲೋಡಾಗಿ ಬರುತ್ತದೆ. ಆ ಲಾರಿ ಬೆಂಗಳೂರಲ್ಲೋ ಮೈಸೂರಲ್ಲೋ ನಿಲ್ಲುತ್ತದೆ. ಅಲ್ಲಿಂದ ಇನ್ನೊಂದು ಗಾಡಿ, ಆಮೇಲೆ ಮತ್ತೊಂದು. ಪ್ರತಿ ಸಲ ಗಾಡಿ ಬದಲಿಸುವಾಗ ಎರಕದ ಕಬ್ಬಿಣದ ಆ ದೇಹವನ್ನು ಒಮ್ಮೆ ಹಾರೆಯಿಂದ ಮೀಟಿ, ಒಮ್ಮೆ ನೂಕಿ, ಕೊನೆಯ ಆರಿಂಚು 'ಬಿಡ್ರೋ' ಎಂದು ಕೈಬಿಡುತ್ತಾರೆ. ಎರಕದ ಕಬ್ಬಿಣ ಭಾರ ಹೊರುತ್ತದೆ, ಪೆಟ್ಟು ತಾಳುವುದಿಲ್ಲ. ಬಗ್ಗುವ ಅಭ್ಯಾಸ ಅದಕ್ಕಿಲ್ಲ, ನೇರ ಸೀಳುತ್ತದೆ.

ಇನ್ನು ಡೋರ್ ಡೆಲಿವರಿ. ಬೆಂಗಳೂರಿನ ಪೀಣ್ಯದಲ್ಲಿ ಡೋರ್ ಎಂದರೆ ಶಟರು. ಲಾರಿ ಹಿಮ್ಮುಖ ಬರುತ್ತದೆ, ಕ್ರೇನು ಎತ್ತುತ್ತದೆ, ಕೆಲಸ ಮುಗಿಯಿತು. ಕೊಡಗಿನಲ್ಲಿ ಡೋರ್ ಎಂದರೆ ಮೊದಲು ಹೆದ್ದಾರಿ, ಆಮೇಲೆ ಪಂಚಾಯಿತಿಯ ಕಾಂಕ್ರೀಟ್ ರಸ್ತೆ, ಆಮೇಲೆ ಒಂದು ಮೋರಿ, ಅದರಾಚೆ ಏರು, ಏರಿನ ನೆತ್ತಿಯಲ್ಲಿ ತಿರುವು, ತಿರುವಿನಲ್ಲೇ ಗೇಟು, ಗೇಟಿನೊಳಗೆ ಕಾಫಿ ಕಣ. ಆ ಕಣದ ಮೂಲೆಯಲ್ಲಿ ಶೆಡ್ಡು. ಇಷ್ಟನ್ನೂ ಟ್ರಾನ್ಸ್‌ಪೋರ್ಟಿನ ರಸೀದಿ ಒಂದೇ ಸಾಲಿನಲ್ಲಿ ದಾಟುತ್ತದೆ: 'ಗಾಡಿ ಹೋಗುವಲ್ಲಿಯವರೆಗೆ'. ಎಲ್ಲಿಯವರೆಗೆ ಹೋಗುತ್ತದೆ ಎಂದು ತೀರ್ಮಾನಿಸುವುದು ಡ್ರೈವರ್.

"ಅಣ್ಣಾ, ಗಾಡಿ ಕುಶಾಲನಗರದಲ್ಲಿ ನಿಂತಿದೆ. ಬಂದು ಇಳಿಸ್ಕೊಳ್ಳಿ."

"ಡೋರ್ ಡೆಲಿವರಿ ಅಂತ ಬಿಲ್ಲಲ್ಲಿದೆಯಲ್ಲಪ್ಪ?"

"ಡೋರ್ ಆಗಲೇ ತೆಗೆದಿಟ್ಟಿದ್ದೀನಿ ಅಣ್ಣಾ. ಲಾರೀದು."

ಡ್ರೈವರನ್ನು ಬೈದು ಫಲವಿಲ್ಲ. ಅವನ ತಲೆಯ ಮೇಲೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿಯವರು ಕೇಳುವ ಆನ್‌ಲೈನ್ ಚೀಟಿ, ಕೂತಿರುತ್ತದೆ. ಐವತ್ತು ಸಾವಿರ ರೂಪಾಯಿ ಮೀರಿದ ಸರಕಿಗೆಲ್ಲ ಅದು ಬೇಕು. ಅದರ ಅವಧಿಯ ಲೆಕ್ಕ 200 ಕಿಲೋಮೀಟರಿಗೆ ಒಂದು ದಿನ. ದೂರವನ್ನು ಪಿನ್‌ಕೋಡಿನಿಂದ ಪಿನ್‌ಕೋಡಿಗೆ ಕಂಪ್ಯೂಟರೇ ಅಳೆಯುತ್ತದೆ. ಪಂಜಾಬಿನ ಬಟಾಲಾದಿಂದ ಹೊರಟ ಮೆಷಿನ್ನಿಗೆ ಎರಡು ವಾರದ ಹತ್ತಿರ ಸಿಗುತ್ತದೆ, ಅಲ್ಲಿಯ ತನಕ ಅನುಕೂಲವೇ. ಆದರೆ ಮೈಸೂರಿನ ಗೋಡೌನಿನಲ್ಲಿ ಅದು 'ಕೊಡಗಿನ ಲೋಡ್ ಪೂರ್ತಿ ಆಗಲಿ' ಎಂದು ಧ್ಯಾನಕ್ಕೆ ಕೂತ ದಿನಗಳನ್ನು ಕಂಪ್ಯೂಟರು ಪ್ರಯಾಣವೆಂದೇ ಎಣಿಸುತ್ತದೆ. ಅವಧಿ ಮುಗಿಯುವ ಎಂಟು ಗಂಟೆ ಮುಂಚೆ, ಇಲ್ಲವೇ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಆ ಹದಿನಾರು ಗಂಟೆಯ ಕಿಟಕಿ ತೆರೆಯುವುದು ಸಾಮಾನ್ಯವಾಗಿ ಶನಿವಾರ ರಾತ್ರಿ, ಗೋಡೌನಿನ ರೈಟರ್ ಮದುವೆಗೆ ಹೋದಾಗ.

ರೈಲಿನಲ್ಲಿ ತರಿಸಬಾರದೇ ಎಂದು ಹೊರಗಿನವರು ಕೇಳುತ್ತಾರೆ. ತರಿಸಬಹುದಿತ್ತು. ಮೈಸೂರು–ಕುಶಾಲನಗರ ರೈಲು ಪ್ರತಿ ಚುನಾವಣೆಗೂ ತಪ್ಪದೆ ಹೊರಡುತ್ತದೆ, ಇದುವರೆಗೆ ಒಂದು ಸಲವೂ ತಡವಾಗಿಲ್ಲ. ಹಳಿ ಇಲ್ಲದೆ ಇಷ್ಟು ಶಿಸ್ತಾಗಿ ಓಡುವ ಗಾಡಿ ದೇಶದಲ್ಲಿ ಇನ್ನೊಂದಿರಲಾರದು. ಅದರಲ್ಲಿ ಇಷ್ಟು ವರ್ಷ ಬಂದದ್ದೆಲ್ಲ ಭಾಷಣ. ಭಾಷಣ ಇಳಿಸಲು ಕ್ರೇನು ಬೇಡ, ಹಮಾಲಿ ಬೇಡ, ಮೈಕೊಂದು ಸಾಕು.

ಲಾರಿ ರಸೀದಿಯನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಸಾರಾಂಶ ಇಷ್ಟೇ: ಮಾಲು ನಿಮ್ಮದು, ಹೊಣೆ ನಿಮ್ಮದು, ಬಾಡಿಗೆ ನಮ್ಮದು. ಕಾನೂನು ಇಷ್ಟು ಕಠೋರವಲ್ಲ, ಆದರೆ ದೊಡ್ಡ ಕರುಣಾಳುವೂ ಅಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ, ಅದರ 2011ರ ನಿಯಮಗಳ ಪ್ರಕಾರ, ಬುಕ್ ಮಾಡುವಾಗ ಹೆಚ್ಚಿನ ಅಪಾಯದ ದರ ಕೊಡಲು ಒಪ್ಪಿರದಿದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ ಆರು ಸಾವಿರ ಎಂದುಕೊಳ್ಳಿ, ಮೂರು ಲಕ್ಷದ ಮೆಷಿನ್ ಎರಡು ಹೋಳಾದರೂ ಸಿಗುವುದು ಅರವತ್ತು ಸಾವಿರದೊಳಗೆ. ಅದಕ್ಕೂ ಬುಕ್ಕಾದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಸಾಗಣೆ ವಿಮೆ ಮಾಡಿಸಿದ್ದೀರಾ ಎಂದು ಮಾರಿದವನನ್ನು ಕೇಳಿದರೆ 'ಅದು ಕಸ್ಟಮರ್ ಸ್ಕೋಪ್ ಸಾರ್' ಎನ್ನುತ್ತಾನೆ. ಸ್ಕೋಪ್ ಎಂಬ ಈ ಪದ ಬಹಳ ಉಪಕಾರಿ. ಮೆಷಿನ್ ಮಾತ್ರ ಕಂಪನಿಯ ಸ್ಕೋಪು. ಕ್ರೇನು, ಕಾಂಕ್ರೀಟು, ಕರೆಂಟು, ಫಿಟ್ಟರಿನ ಬಸ್ ಚಾರ್ಜು, ಅವನ ಊಟ, ಅವನ ಲಾಡ್ಜು ಎಲ್ಲ ಕಸ್ಟಮರ್ ಸ್ಕೋಪು.

ಇಳಿಸುವ ಮುಂಚೆಯೇ ಸಹಿ ಕೇಳುತ್ತಾರೆ. 'ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ' ಎಂಬ ಸೀಲಿನ ಕೆಳಗೆ. ಒಳಗಿರುವುದು ಪ್ಲೇನರೋ ರುಬ್ಬುವ ಕಲ್ಲೋ ಇನ್ನೂ ಯಾರೂ ನೋಡಿರುವುದಿಲ್ಲ. ಆಗ ಮಾಡಬೇಕಾದದ್ದು ಎರಡು ನಿಮಿಷದ ಕೆಲಸ. ಹಲಗೆ ಮುರಿದಿದೆಯೇ, ಅಡಿಯ ಮರದ ಸ್ಲೀಪರಿನ ಬೋಲ್ಟು ಸಡಿಲಾಗಿದೆಯೇ ನೋಡಿ. ಲಾರಿಯ ಮೇಲಿರುವಾಗಲೇ ನಾಲ್ಕು ಕಡೆಯಿಂದ ಫೋಟೋ ಹೊಡೆಯಿರಿ. 'ಪ್ಯಾಕಿಂಗ್ ಮುರಿದಿದೆ, ಒಳಗಿನದು ಪರಿಶೀಲಿಸಿಲ್ಲ' ಎಂದು ರಸೀದಿಯ ಎರಡೂ ಪ್ರತಿಯಲ್ಲಿ ಕೈಯಾರೆ ಬರೆದು ಆಮೇಲೆ ಸಹಿ ಹಾಕಿ. ಡ್ರೈವರ್ ಗೊಣಗುತ್ತಾನೆ. ಗೊಣಗಲಿ.

ಇಳಿಸುವ ಶಾಸ್ತ್ರಕ್ಕೆ ಬರೋಣ. ಹೈಡ್ರಾ ಕ್ರೇನಿಗೆ ಅರ್ಧ ದಿನದ ಬಾಡಿಗೆ ಕೊಡಬೇಕಾಗುತ್ತದೆಂದು ಕೊಡಗಿನಲ್ಲಿ ಜೆಸಿಬಿಯೇ ಕ್ರೇನು. ತೋಡು ತೆಗೆದದ್ದು ಅದೇ, ಬರೆ (ಗುಡ್ಡದ ಕಡಿದಾದ ಅಂಚು) ಕೆತ್ತಿದ್ದು ಅದೇ, ಬಿದ್ದ ಬರೆ ಎತ್ತಿದ್ದೂ ಅದೇ. ಇನ್ನು ಮೆಷಿನ್ ಯಾವ ಲೆಕ್ಕ? ಬಕೆಟ್ಟಿನ ಹಲ್ಲಿಗೆ ಚೈನು ಸಿಕ್ಕಿಸುತ್ತಾರೆ. ಬಕೆಟ್ ಸ್ವಲ್ಪ ಮುಂದಕ್ಕೆ ಬಾಗಿದರೆ ಚೈನು ಹಲ್ಲಿನಿಂದ ಜಾರುತ್ತದೆ, ಹಲ್ಲು ಇರುವುದು ಮಣ್ಣು ಕಚ್ಚಲಿಕ್ಕೆ. ಬ್ಯಾಂಡ್ ಸಾ, ಅಂದರೆ ಪಟ್ಟಿ ಗರಗಸದ ಮೆಷಿನ್, ಆದರಂತೂ ತಲೆಭಾರ. ಬೆಲ್ಟನ್ನು ಫ್ರೇಮಿನ ಮೇಲ್ತೋಳಿಗೆ ಹಾಕಿದರೆ ನೆಟ್ಟಗೆ ಏಳುತ್ತದೆ, ಟೇಬಲ್ಲಿನ ಕೆಳಗೆ ಹಾಕಿದರೆ ಟೇಬಲ್ಲೇ ಕಿತ್ತು ಬರುತ್ತದೆ. ಹಲಗೆಯ ಮೈ, ಅಂಚು ನೇರ ಮಾಡುವ ಸರ್ಫೇಸ್ ಪ್ಲೇನರನ್ನು ಎರಡು ಟೇಬಲ್ಲಿನ ತುದಿ ಹಿಡಿದು ಎತ್ತುವವರಿದ್ದಾರೆ, ತೊಟ್ಟಿಲು ಎತ್ತಿದ ಹಾಗೆ. ಮುಂದಿನ ಟೇಬಲ್ಲೂ ಹಿಂದಿನ ಟೇಬಲ್ಲೂ ಒಂದಕ್ಕೊಂದು ಸಮಾಂತರವಾಗಿರುವುದು ಕೂದಲೆಳೆಯ ಲೆಕ್ಕದಲ್ಲಿ. ಅದು ಅಲ್ಲೇ ತಪ್ಪುತ್ತದೆ. ಆಮೇಲೆ ಜೀವಮಾನವಿಡೀ ಹಲಗೆಯ ಅಂಚು ನೇರ ಬರುವುದಿಲ್ಲ, ಜೋಡಿಸಿದ ಬಾಗಿಲಲ್ಲಿ ಸಂದು ಕಾಣುತ್ತದೆ, ಎಲ್ಲರೂ ಆಚಾರಿಯನ್ನು ಬೈಯುತ್ತಾರೆ.

ಕ್ರೇನು ಹೋಗದ ಜಾಗಕ್ಕೆ ಹಳೆಯ ದಾರಿಯೇ ಚೆನ್ನ. ಮೆಷಿನ್ನನ್ನು ಸ್ಲೀಪರಿನಿಂದ ಬಿಚ್ಚಬೇಡಿ. ಎರಡಿಂಚಿನ ಜಿಐ ಪೈಪು ಐದು ತುಂಡು, ಯಾವಾಗಲೂ ಮೂರು ತುಂಡು ಮೆಷಿನ್ನಿನ ಕೆಳಗಿರುವಂತೆ ಉರುಳಿಸಿ. ಇಳಿಜಾರಿದ್ದರೆ ಹಿಂದಿನಿಂದ ದಪ್ಪ ಹಗ್ಗ ಕಟ್ಟಿ, ಮೇಲಿನ ಸಿಲ್ವರ್ ಓಕ್ ಬುಡಕ್ಕೆ ಎರಡು ಸುತ್ತು ಹಾಕಿ ಸಡಿಲಿಸುತ್ತಾ ಬನ್ನಿ. ಎರಡು ಸುತ್ತು ಬಿದ್ದರೆ ಒಬ್ಬನೇ ಟನ್ ತೂಕ ತಡೆಯುತ್ತಾನೆ. ಸುತ್ತಿಲ್ಲದಿದ್ದರೆ ನಾಲ್ವರೂ ಹಗ್ಗದ ಜೊತೆ ಹೋಗುತ್ತಾರೆ. ಚೈನ್ ಬ್ಲಾಕಿಗೆ ಮೂರು ಕಾಲು ನಿಲ್ಲಿಸುವುದಾದರೆ ಕಾಲಿಗೆ ಗುಳಿ ತೋಡಿ, ಮೂರನ್ನೂ ಬುಡದಲ್ಲಿ ಸುತ್ತ ಕಟ್ಟಿ. ಮಳೆಯಲ್ಲಿ ನೆಂದ ಕೆಮ್ಮಣ್ಣಿನ ಮೇಲೆ ಕಬ್ಬಿಣದ ಕಾಲು ಸೋಪಿನಂತೆ ಜಾರುತ್ತದೆ. ಸಿದ್ದಾಪುರದ ಕಡೆಯಾದರೆ ಸಂಜೆಗೆ ಮುಂಚೆ ಮುಗಿಸಿ, ಆಮೇಲೆ ರಸ್ತೆ ಆನೆಗಳದ್ದು. ಎತ್ತುವ ಶಕ್ತಿ ಅವಕ್ಕಿದೆ, ಕೇಳಿನೋಡಲು ಧೈರ್ಯ ಬೇಕು.

ನಗೆ ಸಾಕು. ಒಂದು ಟನ್ ಕಬ್ಬಿಣದ ಕೆಳಗೆ ಪೈಪು ತಳ್ಳುವವನು ಹವಾಯಿ ಚಪ್ಪಲಿಯಲ್ಲಿರುತ್ತಾನೆ. ಇನ್ವಾಯ್ಸಿನಲ್ಲಿ ಅವನಿಲ್ಲ, ರಸೀದಿಯಲ್ಲಿಲ್ಲ, ವಿಮೆಯಲ್ಲಿಲ್ಲ. ಬೆಳಿಗ್ಗೆ ತೋಟದ ಕೂಲಿಗಳ ಲೈನ್ ಮನೆಯಿಂದ 'ಬಾರೋ, ಒಂದು ಕೈ ಹಿಡಿ' ಎಂದು ಕರೆದದ್ದು. ಪಾದ ಜಜ್ಜಿದರೆ ಮಡಿಕೇರಿಗೆ ಗಾಡಿ, ಕೈಗೆ ಒಂದಿಷ್ಟು ದುಡ್ಡು, ಮುಗಿಯಿತು. ಮಾರಿದವನು 'ಅನ್‌ಲೋಡಿಂಗ್ ಕಸ್ಟಮರ್ ಸ್ಕೋಪ್' ಎಂದು ಬರೆದು ಕೈ ತೊಳೆದ. ಕೊಂಡವನು ಕ್ರೇನಿನ ದುಡ್ಡು ಉಳಿಸಿದ. ಇದರಲ್ಲಿ ವಿಡಂಬನೆಗೆ ಸಿಗುವುದು ಏನೂ ಇಲ್ಲ. ಲಕ್ಷಗಟ್ಟಲೆ ಮೆಷಿನ್ನಿಗೆ ಕೊಟ್ಟವರು ಕ್ರೇನಿಗೆ ಕೊಡಿ. ಅಷ್ಟೇ.

ಇಳಿಸಿದ ಮೇಲೆ ಕೂರಿಸಬೇಕು. ಅದಕ್ಕೆ ಕಾಂಕ್ರೀಟ್ ಅಡಿಪಾಯ, ಬೋಲ್ಟಿನ ಗುಳಿ, ಗುಳಿಗಳ ಅಳತೆ. ಅಳತೆಯ ಡ್ರಾಯಿಂಗ್ ಎಲ್ಲಿ? ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಸುತ್ತಿ, ಮೆಷಿನ್ ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತಾರೆ. ಅಂದರೆ ಮೆಷಿನ್ ಬಂದ ಮೇಲೆ ಡ್ರಾಯಿಂಗ್, ಅದನ್ನು ನೋಡಿ ಕಾಂಕ್ರೀಟು, ಕನಿಷ್ಠ ಒಂದು ವಾರ ನೀರುಣಿಸುವುದು. ಅಲ್ಲಿಯವರೆಗೆ ಮೆಷಿನ್ ಟಾರ್ಪಾಲಿನ ಕೆಳಗೆ. ಕಕ್ಕಡದ (ಕೊಡಗಿನ ಆಟಿ ತಿಂಗಳು) ಮಳೆಯಲ್ಲಿ ಟಾರ್ಪಾಲು ನೆಲದವರೆಗೆ ಬಿಗಿದರೆ ಒಳಗೆ ಹಬೆ ಕಟ್ಟಿ ಬೆವರುತ್ತದೆ, ಉಜ್ಜಿ ಹೊಳಪಿಟ್ಟ ಟೇಬಲ್ ವಾರದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕಂಪನಿ ಬಳಿದ ಗ್ರೀಸನ್ನು ಅವಸರಪಟ್ಟು ಒರೆಸಬೇಡಿ, ಟಾರ್ಪಾಲಿನ ಬುಡ ಒಂದಡಿ ಗಾಳಿಯಾಡಲಿ. ಮೋಟಾರಿನ ಸುರುಳಿಯೂ ತೇವ ಹೀರುತ್ತದೆ. ಚಾಲೂ ಮಾಡುವ ಮುನ್ನ ಸುರುಳಿಯ ನಿರೋಧ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿಸಿ ನೋಡಿ, ಒಂದು ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ಒಣಗಿಸದೆ ಸ್ವಿಚ್ ಮುಟ್ಟಬೇಡಿ. ಫಿಟ್ಟರ್ ಮೆಗ್ಗರ್ ತಂದಿರುವುದಿಲ್ಲ. ಅದು ಯಾರ ಸ್ಕೋಪು ಎಂದು ಮತ್ತೆ ಹೇಳಬೇಕಿಲ್ಲ.

ಕೊನೆಗೆ ವಾರಂಟಿ. ಹನ್ನೆರಡು ತಿಂಗಳು, ಇನ್ವಾಯ್ಸ್ ತಾರೀಖಿನಿಂದ. ನಮ್ಮ ಪಂಚಾಂಗದಲ್ಲಿ ಹಾಕಿ ನೋಡಿ. ಯುಗಾದಿಗೆ ಬಿಲ್ಲು. ಜೂನಿನಲ್ಲಿ ಲಾರಿ ಮೈಸೂರಿನಲ್ಲಿ ನಿಂತಿತು. ಕಕ್ಕಡದಲ್ಲಿ ಪಿಕಪ್ ಹತ್ತಿ ಬಂದು ಟಾರ್ಪಾಲಿನಡಿ ಕೂತಿತು. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಕೋವಿಯ ಜೊತೆ ಇದಕ್ಕೂ ಒಂದು ಹೂವು, ಗಂಧ. ತುಲಾ ಸಂಕ್ರಮಣದ ನಂತರ ಕಾಂಕ್ರೀಟು. ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ ಮೂರು ಫೇಸಿನ ಮೀಟರು. ಆಮೇಲೆ ಕಾಫಿ ಕೊಯ್ಲು, ಶೆಡ್ಡಿಗೆ ಬರಲು ಯಾರಿಗೂ ಪುರುಸೊತ್ತಿಲ್ಲ. ಫೆಬ್ರವರಿಯಲ್ಲಿ ಮೆಷಿನ್ ಓಡಿತು. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ತೋಟದ ಸ್ಪ್ರಿಂಕ್ಲರುಗಳೆಲ್ಲ ಒಟ್ಟಿಗೆ ಓಡುವುದೂ ಆಗಲೇ. 415 ಇರಬೇಕಾದ ವೋಲ್ಟೇಜು 340ಕ್ಕೆ ಇಳಿದರೆ ಮೋಟಾರಿನ ತಿರುಚುವ ಬಲ ಮೂರರಲ್ಲಿ ಎರಡು ಪಾಲಿಗೆ ಬೀಳುತ್ತದೆ. ಅದೇ ದಪ್ಪಕ್ಕೆ ಹಲಗೆ ತುರುಕಿದರೆ ಕರೆಂಟು ಹೆಚ್ಚು ಎಳೆದು ಸುರುಳಿ ಸುಡುತ್ತದೆ. ಕಾರ್ಡು ತೆಗೆದು ಓದಿ: 'ಎಲೆಕ್ಟ್ರಿಕಲ್ ಭಾಗಗಳಿಗೆ ವಾರಂಟಿ ಅನ್ವಯಿಸುವುದಿಲ್ಲ.' ಉಳಿದ ಭಾಗಗಳದ್ದು ಮುಂದಿನ ತಿಂಗಳು ಮುಗಿಯುತ್ತದೆ. ದೋಷ ಹುಡುಕಲು ಕಂಪನಿ ಕೊಟ್ಟದ್ದು ಒಂದು ವರ್ಷ, ಕೊಡಗಿಗೆ ತಲುಪಿದ್ದು ಒಂದು ತಿಂಗಳು.

ಆದ್ದರಿಂದ ಮುಂಗಡ ಕೊಡುವ ಮುಂಚೆಯೇ ನಾಲ್ಕು ಪ್ರಶ್ನೆ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಲಾರಿಯಿಂದ ನೆಲಕ್ಕೆ ಇಳಿಸುವ ಖರ್ಚು ಯಾರದು? ಸಾಗಣೆ ವಿಮೆ ಯಾರ ಹೆಸರಲ್ಲಿ? ಅಡಿಪಾಯದ ಡ್ರಾಯಿಂಗನ್ನು ಈಗಲೇ ಕಳಿಸುತ್ತೀರಾ? ವಾರಂಟಿಯನ್ನು ಚಾಲೂ ಆದ ದಿನದಿಂದ ಎಣಿಸುತ್ತೀರಾ?

ಉತ್ತರ ತಕ್ಷಣ ಬರುತ್ತದೆ. ನಾಲ್ಕಕ್ಕೂ ಸೇರಿ ಒಂದೇ ಚಿತ್ರ, ಹಳದಿ ಹೆಬ್ಬೆರಳು. ಹೌದು ಎಂದೋ, ನೋಡಿದೆ ಎಂದೋ ತಿಳಿಯುವುದಿಲ್ಲ. ಪ್ಲೇನರ್ ಮಾರುವವರು ಗಿರಾಕಿಗೆ ಹೆಬ್ಬೆರಳು ತೋರಿಸಬಾರದು ಎಂಬ ಸಣ್ಣ ಸಂಕೋಚವಾದರೂ ಬೇಡವೇ?