ಸುಮ್ನೆ ಬಂದ್ವಿ

ಕೊಡಗಿನಲ್ಲಿ ಯಾರ ಸ್ವಭಾವ ಎಂಥದ್ದು ಅಂತ ತಿಳಿಯಬೇಕಾದರೆ ಮೇ ತಿಂಗಳ ಕೊನೆಯ ವಾರ ಅವರ ಮನೆಯ ಹಿಂಬದಿಗೆ ಹೋಗಿ ನೋಡಬೇಕು. ಅಲ್ಲಿ ಎರಡೇ ಜಾತಿ. ಸೌದೆ ಒಟ್ಟಿದವರು, ‘ಇನ್ನೂ ಟೈಮ್ ಇದೆ’ ಅನ್ನುವವರು.

ಒಟ್ಟಿದವರ ಕೊಟ್ಟಿಗೆಯಲ್ಲಿ ಸಿಲ್ವರ್ ಓಕ್ ಕೊಂಬೆ, ಕಿತ್ತ ಹಳೇ ಕಾಫಿ ಗಿಡದ ಬುಡ, ಎಲ್ಲವೂ ಒಂದೇ ಅಳತೆಗೆ ಕಡಿದು, ಒಣಗಿ, ಸಾಲಾಗಿ ಕೂತಿರುತ್ತವೆ. ಇನ್ನೊಂದು ಜಾತಿಯವರು ಜೂನ್‌ನಲ್ಲಿ ಹಸಿ ಸೌದೆಯ ಮುಂದೆ ಊದುಕೊಳವೆ ಹಿಡಿದು ಕಣ್ಣೀರು ಹಾಕುತ್ತಾರೆ. ಹೊಗೆಗೆ ಅಂತ ಹೇಳುತ್ತಾರೆ.

ಹೆಂಚು ಕೈಯಾಡಿಸುವುದೂ ಅಷ್ಟೇ. ಒಡೆದ ಹೆಂಚು ಎಲ್ಲಿದೆ ಅಂತ ಹೋದ ವರ್ಷವೇ ಗೊತ್ತಿರುತ್ತದೆ. ಜುಲೈ ಪೂರ್ತಿ ಅದರ ಕೆಳಗೆ ಬಕೆಟ್ ಇಟ್ಟಿರುತ್ತೇವಲ್ಲ! ಮಳೆ ನಿಂತ ಕೂಡಲೇ ಬಕೆಟ್ ಬಚ್ಚಲಿಗೆ ವಾಪಸ್. ಹೆಂಚು ಮತ್ತೆ ನೆನಪಾಗುವುದು ಗುಡುಗಿದಾಗ. ಊರಲ್ಲಿ ಮಾಡು ಹತ್ತಬಲ್ಲವರು ಒಬ್ಬರೋ ಇಬ್ಬರೋ, ಎಲ್ಲರ ಫೋನೂ ಅವರಿಗೇ. ಆ ವಾರ ಅವರಿಗೆ ಸಿಗುವ ಮರ್ಯಾದೆ ಹೊಸ ಅಳಿಯನಿಗೂ ಸಿಗುವುದಿಲ್ಲ.

ಹಾಗಂತ ಮುಂಚೆಯೇ ಯೋಚಿಸಿದವರು ಗೆದ್ದೇ ಗೆಲ್ಲುತ್ತಾರೆ ಅಂತಲೂ ಇಲ್ಲ. ಬೋರ್ಡೋ ದ್ರಾವಣವನ್ನೇ ನೋಡಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಫಿಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಿರಲಿ ಅಂತ ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಆಳು ಸಿಕ್ಕಿ, ಪಂಪು ರಿಪೇರಿಯಾಗಿ, ಡ್ರಮ್ಮಿನಲ್ಲಿ ನೀಲಿ ನೀರು ತಯಾರಾದ ಗಳಿಗೆಗೇ ಮೋಡ ಕವಿಯುತ್ತದೆ. ಯಾರೋ ಮೇಲಕ್ಕೆ ಸುದ್ದಿ ಮುಟ್ಟಿಸುತ್ತಾರೆ ಅಂತ ನನಗೆ ಬಹಳ ದಿನದ ಅನುಮಾನ.

ಹೂಮಳೆಯ ಕಥೆ ಇನ್ನೂ ಸೂಕ್ಷ್ಮ. ಬೇಸಿಗೆಯಲ್ಲಿ ಸುಮಾರು ಒಂದು ಇಂಚು ಮಳೆ ಬಿದ್ದರೆ, ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಕಾಯಬೇಕು. ಕೆರೆಯಲ್ಲಿ ನೀರಿರುವ ರೊಬಸ್ಟಾ ಕಾಫಿಯವರು ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಿಕೊಳ್ಳುತ್ತಾರೆ. ಉಳಿದವರು ಆಕಾಶ ನೋಡುತ್ತಾರೆ, ಆಮೇಲೆ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. “ನಿಮ್ಮಲ್ಲಿ ಎಷ್ಟು?” “ಎಂಬತ್ತು ಸೆಂಟ್.” ನಮ್ಮಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು, ಸೆಂಟಿನಲ್ಲೇ, ನೂರು ಸೆಂಟಿಗೆ ಒಂದು ಇಂಚು. ಎಷ್ಟೋ ಮನೆಗಳ ಅಂಗಳದಲ್ಲಿ ಮಳೆಮಾಪಕ ಇದೆ. ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅಪ್ಪ ಬರೆಯುತ್ತಿದ್ದ ಪುಸ್ತಕವನ್ನು ಮಗ ಮುಂದುವರಿಸುತ್ತಾನೆ. ಮಳೆ ತರಿಸಲು ಬಾರದು, ಲೆಕ್ಕವನ್ನಾದರೂ ಸರಿಯಾಗಿ ಇಡೋಣ ಅಂತ ಇರಬೇಕು. ನನಗೆ ಈ ಹಟ ತುಂಬ ಇಷ್ಟ.

ನನ್ನ ತಕರಾರು ಇರುವುದು ‘ಪ್ಲಾನ್ ಗೀನ್ ಬೇಡ, ಸುಮ್ನೆ ಹೊರಟುಬಿಡೋಣ’ ಅನ್ನುವವರ ಮೇಲೆ. ನನ್ನ ತಮ್ಮ ಆ ಪೈಕಿ. ಜಡಿಮಳೆಯ ರಾತ್ರಿ ಮೈಸೂರಿನಿಂದ ಸಂಸಾರ ಸಮೇತ ಬಂದಿಳಿದು, “ಸುಮ್ನೆ ಬಂದ್ವಿ ಅತ್ತಿಗೆ, ಏನೂ ಮಾಡ್ಬೇಡಿ” ಅನ್ನುತ್ತಾನೆ. ಏನೂ ಮಾಡದಿದ್ದರೆ ಆಗುತ್ತಾ? ಕರೆಂಟು ಎಂದಿನಂತೆ ಹೋಗಿರುತ್ತದೆ. ಇನ್ವರ್ಟರ್ ಬ್ಯಾಟರಿಗೆ ನನ್ನ ಹೆಂಡತಿ ಡಿಸ್ಟಿಲ್ಡ್ ವಾಟರ್ ಹಾಕಿಸಿದ್ದರಿಂದ ದೀಪ ಉರಿಯುತ್ತಿರುತ್ತದೆ. ತೊಳೆದು, ಒಣಗಿಸಿ, ಒಡೆಸಿಟ್ಟ ಅಕ್ಕಿತರಿ ಡಬ್ಬದಲ್ಲಿದೆ, ಹಬೆಯಲ್ಲಿ ಬೇಯಿಸಿದ ಉಂಡೆ, ಕಡಂಬುಟ್ಟು ಆಗುತ್ತದೆ. ಹಂದಿಮಾಂಸ ಒಲೆಯ ಮೇಲೆ ಬೇಯುತ್ತದೆ. ಕೊನೆಯಲ್ಲಿ ಒಂದು ಚಮಚ ಕಾಚಂಪುಳಿ, ನಮ್ಮ ಕಪ್ಪು ಹುಳಿರಸ.

ಆ ಒಂದು ಚಮಚದ ಹಿಂದಿನ ಕೆಲಸ ಕೇಳಬೇಡಿ. ಮಳೆಯಲ್ಲಿ ಉದುರಿದ ಪಣಪುಳಿ ಹಣ್ಣು ಹೆಕ್ಕಿ, ಬುಟ್ಟಿಯಲ್ಲಿ ಹಾಕಿ, ಕೊಳೆತು ತೊಟ್ಟಿಕ್ಕಿದ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಅದು ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಬೇಕು. ಒಮ್ಮೆ ಬಾಟಲಿಗೆ ಸೇರಿದರೆ ವರ್ಷಗಟ್ಟಲೆ ಇರುತ್ತದೆ. ತಮ್ಮ ಬೆರಳು ಚೀಪುತ್ತಾ, “ಮೊದಲೇ ಹೇಳಿ ಬಂದಿದ್ರೆ ಈ ಮಜಾ ಬರ್ತಿತ್ತಾ?” ಅನ್ನುತ್ತಾನೆ. ಅವನು ಉಣ್ಣುತ್ತಿರುವುದು ಅವನ ಅತ್ತಿಗೆ ಹೋದ ಮಳೆಗಾಲದಲ್ಲಿ ಮಾಡಿಟ್ಟ ಕೆಲಸವನ್ನು. ಅವಳು ಏನೂ ಹೇಳುವುದಿಲ್ಲ. ನಾನು ಹೇಳಲು ಹೋದರೆ, “ನೀವು ಡಬ್ಬದ ಮುಚ್ಚಳ ಹಾಕಿ ಮೊದಲು” ಅನ್ನುತ್ತಾಳೆ.

ಕೊಡಗಿನ ಅಡುಗೆಮನೆಯಲ್ಲಿ ಸೊಪ್ಪಿಗೂ ತಾರೀಖು ಇದೆ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಹೊತ್ತಿಗೆ ಮದ್ದುಸೊಪ್ಪಿನ ಪಾಯಸ. ಅಂದು ಅದರಲ್ಲಿ 18 ಬಗೆಯ ಮದ್ದು ಕೂಡಿರುತ್ತದೆ ಅಂತ ನಂಬಿಕೆ. ಅಣಬೆಗೆ ಮಾತ್ರ ತಾರೀಖು ಇಲ್ಲ. ಗುಡುಗಿ ಮಳೆ ಬಂದ ಮೇಲೆ ಯಾವಾಗಲೋ ಹುತ್ತದ ಸುತ್ತ ಏಳುತ್ತದೆ. ಇದೊಂದಾದರೂ ಪೂರ್ತಿ ಅದೃಷ್ಟ ಅಂದುಕೊಂಡಿದ್ದೆ. ಆದರೆ ಪ್ರತಿ ವರ್ಷ ಬುಟ್ಟಿ ತುಂಬುವುದು ಪಕ್ಕದ ಮನೆಯ ಅಜ್ಜಿಗೇ. ಹುತ್ತದ ಅಣಬೆ ಹಿಂದೆ ಎದ್ದ ಜಾಗದಲ್ಲೇ ಮತ್ತೆ ಏಳುತ್ತದಲ್ಲ, ಅಜ್ಜಿಯ ತಲೆಯಲ್ಲಿ ಅಂಥ ಜಾಗಗಳ ಪಟ್ಟಿಯೇ ಇದೆ. ಅದನ್ನು ಸ್ವಂತ ಸೊಸೆಗೂ ಹೇಳಿಲ್ಲ. ಕೇಳಿದರೆ, “ಸುಮ್ನೆ ಆ ಕಡೆ ಹೋಗಿದ್ದೆ, ಸಿಕ್ಕಿತು” ಅನ್ನುತ್ತಾರೆ.